ಬೋರ್ ನೀರಿನ ಊರಲ್ಲಿ ಗಾಜಿನ ಮೇಲೆ ಬೆಳ್ಳಿಯ ತೆಳುಪದರ

ಗಾಳಿ ತೆಗೆದ ಪಾತ್ರೆಯಲ್ಲಿ ಲೋಹದ ಪದರ ಹಚ್ಚುವ ವ್ಯಾಕ್ಯೂಮ್ ಕೋಟಿಂಗ್ ಯಂತ್ರ ಇಲ್ಲದ ಕಾಲೇಜಿನಲ್ಲೂ ಗಾಜಿನ ಮೇಲೆ 100 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್) ಆಸುಪಾಸಿನ ಬೆಳ್ಳಿ ಪದರ ಮಾಡಬಹುದು. ದಾವಣಗೆರೆ, ಚಿತ್ರದುರ್ಗದ ಲ್ಯಾಬುಗಳಲ್ಲಿ ಮೊದಲು ನೋಡಬೇಕಾದದ್ದು ನೀರು. ಬೋರ್ ನೀರೆಂದರೆ ನಮ್ಮ ಕಡೆ ಎಲ್ಲರಿಗೂ ಫ್ಲೋರೈಡ್ ನೆನಪಾಗುತ್ತದೆ. ಈ ಕೆಲಸಕ್ಕೆ ಅದು ಅಡ್ಡಿಯಲ್ಲ, ಸಿಲ್ವರ್ ಫ್ಲೋರೈಡ್ ನೀರಲ್ಲಿ ಕರಗುತ್ತದೆ. ಕಾಟ ಕೊಡುವುದು ಕ್ಲೋರೈಡ್, ಅದು ಬೆಳ್ಳಿಯ ಜೊತೆ ಸೇರಿ ನೀರಲ್ಲಿ ಕರಗದ ಬಿಳಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಟೆಸ್ಟ್ ಟ್ಯೂಬಿನಲ್ಲಿ 5 ಎಂಎಲ್ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ದ್ರಾವಣ ಬಿಟ್ಟು, ಹಿಂದೆ ಕಪ್ಪು ಕಾಗದ ಹಿಡಿದು ನೋಡಿ. ತೆಳ್ಳಗೆ ಹಾಲು ಬೆರೆತಂತೆ ಕಂಡರೂ ಆ ನೀರು ಬೇಡ. ಮನೆಯ ಆರ್‌ಒ ನೀರಿನಲ್ಲೂ ಕ್ಲೋರೈಡ್ ಪೂರ್ತಿ ಹೋಗಿರುವುದಿಲ್ಲ. ಡಿಸ್ಟಿಲ್ಡ್ ನೀರು, ಬ್ಯಾಟರಿ ನೀರು ಯಾವುದೇ ಇರಲಿ, ಕ್ಯಾನ್ ಒಡೆದಾಗಲೆಲ್ಲ ಹೀಗೆ ಪರೀಕ್ಷಿಸಿ. ಗ್ಲೌಸ್, ಕನ್ನಡಕ ಹಾಕಿಕೊಂಡೇ ಕೆಲಸ ಶುರುವಾಗಲಿ.

ಗಾಜಿನ ಸ್ಲೈಡನ್ನು (ಮೈಕ್ರೋಸ್ಕೋಪಿನ ಗಾಜಿನ ಪಟ್ಟಿ) ಸೋಪಿನಿಂದ ಉಜ್ಜಿ, ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ನೈಟ್ರಿಕ್ ಆಮ್ಲದಲ್ಲಿ ಅದ್ದಿ, ಒಳ್ಳೆಯ ನೀರಿನಲ್ಲಿ ತೊಳೆಯಿರಿ. ನೀರು ಹನಿಗಟ್ಟದೆ ಒಂದೇ ಪೊರೆಯಾಗಿ ಇಳಿದರೆ ಗಾಜು ಶುದ್ಧವಾಗಿದೆ. ಒಣಗಿಸಿ, ತೂಕ ಬರೆದಿಡಿ. ಆಮೇಲೆ ತವರದ ಲವಣವಾದ ಸ್ಟಾನಸ್ ಕ್ಲೋರೈಡ್: 1 ಎಂಎಲ್ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 0.1 ಗ್ರಾಂ ಕರಗಿಸಿ, ನಂತರ ನೀರಿಗೆ ಸುರಿದು 100 ಎಂಎಲ್ ಮಾಡಿ. ಆಮ್ಲವಿಲ್ಲದೆ ನೀರಿಗೆ ಹಾಕಿದರೆ ದ್ರಾವಣ ಮಬ್ಬಾಗುತ್ತದೆ. ಸ್ಲೈಡನ್ನು ಇದರಲ್ಲಿ ಎರಡು ನಿಮಿಷ ಅದ್ದಿಟ್ಟರೆ ಗಾಜಿಗೆ ಅಂಟಿಕೊಂಡ ತವರದ ಅಯಾನುಗಳೇ ಬೆಳ್ಳಿಯ ಮೊದಲ ಕಣಗಳಿಗೆ ನೆಲೆ ಕೊಡುತ್ತವೆ. ತೆಗೆದ ಮೇಲೆ ನಾಲ್ಕೈದು ಸಲ ತೊಳೆಯಲೇಬೇಕು, ಇಲ್ಲಿಂದಲೂ ಕ್ಲೋರೈಡ್ ಬರುತ್ತದೆ.

ಈಗ ಬೆಳ್ಳಿ ದ್ರಾವಣ. 100 ಎಂಎಲ್‌ಗೆ 1.7 ಗ್ರಾಂ ಲೆಕ್ಕದ ಸಿಲ್ವರ್ ನೈಟ್ರೇಟ್ 10 ಎಂಎಲ್ ತೆಗೆದುಕೊಂಡು, ಸಾರರಿಕ್ತ ಅಮೋನಿಯವನ್ನು ಹನಿಹನಿಯಾಗಿ ಬಿಡಿ. ಕಂದು ಗಸಿ ಬಂದು, ಮತ್ತೆ ಕರಗುತ್ತದೆ. 100 ಎಂಎಲ್‌ಗೆ 4.5 ಗ್ರಾಂ ಲೆಕ್ಕದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ 5 ಎಂಎಲ್ ಸೇರಿಸಿದಾಗ ಗಸಿ ಕಪ್ಪಗೆ ಮರಳುತ್ತದೆ. ಅದು ಇನ್ನೇನು ಕರಗಿತು ಎನ್ನುವಷ್ಟಕ್ಕೆ ಮಾತ್ರ ಅಮೋನಿಯ ಹಾಕಿ. ನಮ್ಮ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಕೈ ಪಳಗಬೇಕಾದ ಜಾಗ ಇದೇ. ಅಮೋನಿಯ ಹೆಚ್ಚಾದರೆ ಬೆಳ್ಳಿ ಅಯಾನುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಪದರ ಕಟ್ಟುವುದು ನಿಧಾನವಾಗುತ್ತದೆ.

90 ಮಿಮೀ ಪೆಟ್ರಿ ತಟ್ಟೆಯ (ಚಪ್ಪಟೆ ತಳದ ಆಳವಿಲ್ಲದ ತಟ್ಟೆ) ಎರಡು ಅಂಚಿನಲ್ಲಿ ಸ್ಲೈಡಿನ ಚೂರುಗಳನ್ನಿಡಿ. ಕೊನೆಯಲ್ಲಿ 10 ಎಂಎಲ್‌ಗೆ 0.9 ಗ್ರಾಂ ಲೆಕ್ಕದ ಡೆಕ್ಸ್‌ಟ್ರೋಸ್ ದ್ರಾವಣ 1 ಎಂಎಲ್ ಬೆರೆಸಿ ತಕ್ಷಣ ತಟ್ಟೆಗೆ ಸುರಿಯಿರಿ. ದ್ರಾವಣದಲ್ಲಿನ ಬೆಳ್ಳಿ ಅಯಾನುಗಳನ್ನು ಲೋಹದ ಬೆಳ್ಳಿಯಾಗಿಸುವುದು ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್. ಅದು ಲ್ಯಾಬಿನದೇ ಆಗಲಿ. ಅಂಗಡಿಯ ಗ್ಲೂಕೋಸ್ ಪುಡಿಯಲ್ಲಿ ಬೇರೆ ಲವಣಗಳು ಬೆರೆತಿರಬಹುದು. ಸ್ಲೈಡನ್ನು ಓರೆಯಾಗಿ ಇಳಿಸಿ ಚೂರುಗಳ ಮೇಲೆ ಬೋರಲು ಹಾಕಿ. ಗಾಳಿಗುಳ್ಳೆ ಸಿಕ್ಕಿಕೊಂಡರೆ ಅಲ್ಲಿ ದುಂಡಗೆ ಬೋಳು ಉಳಿಯುತ್ತದೆ. ಮೇಲ್ಮುಖದ ಮೇಲೆ ಕಪ್ಪು ಪುಡಿ ಕೂರುತ್ತದೆ, ಅದಕ್ಕೇ ನಮಗೆ ಬೇಕಾದದ್ದು ಕೆಳಮುಖ.

ಮೊದಲು ಹಳದಿಗಂದು ಛಾಯೆ ಕಾಣುತ್ತದೆ. ಅವು ಒಂದಕ್ಕೊಂದು ತಾಗದ ನ್ಯಾನೊಕಣಗಳು. ಆ ಹಂತದಲ್ಲಿ ತೆಗೆದ ಸ್ಲೈಡಿಗೆ ಮಲ್ಟಿಮೀಟರ್ ಹಿಡಿದರೆ ಕರೆಂಟ್ ಹರಿಯುವುದಿಲ್ಲ. ಕಣಗಳು ಕೂಡಿಕೊಂಡಂತೆ ರೋಧ ಒಮ್ಮೆಲೇ ಕುಸಿದು, ಕನ್ನಡಿ ಮೂಡುತ್ತದೆ. ಒಂದೊಂದು ಸ್ಲೈಡನ್ನು ಒಂದೊಂದು ಹೊತ್ತಿಗೆ ತೆಗೆದರೆ ಪ್ರಾಜೆಕ್ಟಿಗೆ ಇದೇ ಚೆಂದದ ಗ್ರಾಫ್. ಏಪ್ರಿಲ್ ಸೆಕೆಯಲ್ಲಿ ತಟ್ಟೆಯನ್ನು ತಣ್ಣೀರಿನ ಟ್ರೇಯಲ್ಲಿಡಿ. ಬಿಸಿಯಾದರೆ ಬೆಳ್ಳಿ ಗಾಜಿಗೆ ಹತ್ತುವ ಬದಲು ದ್ರಾವಣದಲ್ಲೇ ಬೂದು ಪುಡಿಯಾಗಿಬಿಡುತ್ತದೆ.

ಮೇಲ್ಮುಖವನ್ನು ನೈಟ್ರಿಕ್ ಆಮ್ಲ ತೇವದ ಹತ್ತಿಯಿಂದ ಒರೆಸಿ, ತೊಳೆದು, ಒಣಗಿಸಿ ತೂಗಿ. 75×25 ಮಿಮೀ ಮುಖದಲ್ಲಿ 100 ನ್ಯಾನೊಮೀಟರ್ ಬೆಳ್ಳಿ ಸುಮಾರು 2 ಮಿಲಿಗ್ರಾಂ ತೂಗುತ್ತದೆ, 0.1 ಮಿಲಿಗ್ರಾಂ ಅಂದರೆ 5 ನ್ಯಾನೊಮೀಟರ್. ರೋಧ ಅಳೆಯುವಾಗ ಮಲ್ಟಿಮೀಟರಿನ ಎರಡು ಪ್ರೋಬ್ ತಾಗಿಸಿ ಬಂದ ಅಂಕಿಯನ್ನು ಕಳೆಯಿರಿ, ಪದರದ ರೋಧವೂ ಅಷ್ಟೇ ಸಣ್ಣದು.

ಉಳಿದ ಅಮೋನಿಯ-ಬೆಳ್ಳಿ ದ್ರಾವಣವನ್ನು ಬಾಟಲಿಯಲ್ಲಿ ಎತ್ತಿಡಬೇಡಿ, ತಟ್ಟೆಯಲ್ಲಿ ಒಣಗಲೂ ಬಿಡಬೇಡಿ. ನಿಂತರೆ ಅದರಲ್ಲಿ ಸಿಡಿಯುವ ಸಿಲ್ವರ್ ನೈಟ್ರೈಡ್ ಹುಟ್ಟುತ್ತದೆ. ಆ ಗಳಿಗೆಯಲ್ಲೇ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವನ್ನು ಲಿಟ್ಮಸ್ ಕೆಂಪಾಗುವವರೆಗೆ ಹಾಕಿ, ಬಿಳಿ ಸಿಲ್ವರ್ ಕ್ಲೋರೈಡನ್ನು ಬೇರೆ ಬಾಟಲಿಯಲ್ಲಿ ಕೂಡಿಡಿ. ಸ್ಲೈಡುಗಳನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು, ಲವಣ ವಿಶ್ಲೇಷಣೆಗೆ ಅನಿಲ ತಯಾರಿಸುವ ಕಿಪ್ ಉಪಕರಣದಿಂದ ದೂರವಿಡಿ. ಅದರ ಹೈಡ್ರೋಜನ್ ಸಲ್ಫೈಡ್ ಸೋಕಿದರೆ ಬೆಳ್ಳಿ ಕಪ್ಪಾಗುತ್ತದೆ.