ಬೆಲ್‌ವಿಲ್‌ನಲ್ಲಿ ಸಿಕ್ಕ ರಂಜಕ

ಪ್ಯಾರಿಸ್‌ಗೆ ಬಂದ ಮೊದಲ ಚಳಿಗಾಲದಲ್ಲಿ ನನಗೆ ಊಟವೇ ಸೇರುತ್ತಿರಲಿಲ್ಲ. ನಾನು ಹಾವೇರಿ ಕಡೆಯವಳು. ಮೊಟ್ಟೆ ತಿನ್ನುತ್ತೇನೆ, ಮೀನು ಮಾಂಸ ಇಲ್ಲ. ನಾನು ದಿನಾ ಅರ್ಧ ತಟ್ಟೆ ಬಿಟ್ಟು ಏಳುವುದನ್ನು ನೋಡಿದ ಟ್ಯುನೀಷಿಯಾದ ಸಹೋದ್ಯೋಗಿಯೊಬ್ಬಳು ಒಂದು ಮಧ್ಯಾಹ್ನ ನನ್ನನ್ನು ಪ್ಯಾರಿಸ್‌ನದೇ ಬೆಲ್‌ವಿಲ್ ಬಡಾವಣೆಯಲ್ಲಿ ತನ್ನ ದೇಶದವರ ಹೋಟೆಲಿಗೆ ಕರೆದೊಯ್ದಳು. ಕೂತ ಕೂಡಲೇ, ಏನೂ ಹೇಳುವ ಮೊದಲೇ, ಮೇಜಿಗೆ ಒಂದು ಪುಟ್ಟ ತಟ್ಟೆ ಬಂತು. ಕಡುಗೆಂಪು ಚಟ್ನಿ, ನಡುವೆ ಗುಳಿ ಮಾಡಿ ಸುರಿದ ಆಲಿವ್ ಎಣ್ಣೆ, ಪಕ್ಕದಲ್ಲಿ ಬ್ರೆಡ್ಡು. ಅದ್ದಿ ಬಾಯಿಗಿಟ್ಟರೆ ನಮ್ಮ ಮನೆಯ ರಂಜಕ! ರೊಟ್ಟಿಯ ಮೇಲೆ ರಂಜಕ ಹಾಕಿ, ಬೆರಳಿಂದ ಗುಳಿ ಮಾಡಿ, ಎಣ್ಣೆ ಬಿಟ್ಟುಕೊಂಡು ತಿಂದು ಬೆಳೆದವಳು ನಾನು. ಅಂದು ಆ ತಟ್ಟೆಯನ್ನು ಎರಡು ಸಲ ತುಂಬಿಸಿಕೊಂಡೆ.

ಅದು ಹರೀಸಾ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಉಪ್ಪು, ಜೊತೆಗೆ ನೋಡಲು ಜೀರಿಗೆಯಂತಿರುವ ಕ್ಯಾರವೇ. ನಮ್ಮ ರಂಜಕಕ್ಕೂ ಅದಕ್ಕೂ ಮುಖ್ಯ ಅಂತರ ಈ ಕ್ಯಾರವೇಯ ಘಮದಲ್ಲೇ ಇದೆ. 2022ರಲ್ಲಿ ಯುನೆಸ್ಕೊ ಟ್ಯುನೀಷಿಯಾದ ಹರೀಸಾವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಮೆಣಸಿನಕಾಯಿ ನಾಡಿನವಳಾದ ನನಗೆ ಆ ಸುದ್ದಿ ನಮ್ಮೂರಿನದೇ ಅನ್ನಿಸಿತ್ತು.

ಆ ಮಧ್ಯಾಹ್ನದಿಂದೀಚೆಗೆ ತಿಂಗಳಿಗೆ ಎರಡು ಸಲವಾದರೂ ಬೆಲ್‌ವಿಲ್‌ಗೆ ಹೋಗುತ್ತೇನೆ. 1956ರಲ್ಲಿ ಟ್ಯುನೀಷಿಯಾ ಸ್ವತಂತ್ರವಾದ ಆಸುಪಾಸಿನ ವರ್ಷಗಳಲ್ಲಿ ಅಲ್ಲಿನ ಯಹೂದಿಗಳು ದೊಡ್ಡ ಸಂಖ್ಯೆಯಲ್ಲಿ ಬಂದು ಬೆಲ್‌ವಿಲ್‌ನಲ್ಲಿ ನೆಲೆಸಿದರು, ಮುಸ್ಲಿಮರೂ ಬಂದರು. ಹಾಗಾಗಿ ಒಂದೇ ರಸ್ತೆಯಲ್ಲಿ ಯಹೂದಿ ಆಹಾರ ನಿಯಮ ಪಾಲಿಸುವ ಕೋಷರ್ ಅಂಗಡಿಯೂ ಇದೆ, ಹಲಾಲ್ ಅಂಗಡಿಯೂ ಇದೆ. ತಿನಿಸುಗಳು ಬಹುಪಾಲು ಒಂದೇ. ಯಹೂದಿಗಳ ವಾರದ ವಿಶ್ರಾಂತಿಯ ಹೊತ್ತಾದ್ದರಿಂದ ಕೋಷರ್ ಅಂಗಡಿಗಳು ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಬಾಗಿಲು ಹಾಕಿರುತ್ತವೆ. ಇದು ಗೊತ್ತಿಲ್ಲದೆ ಶನಿವಾರ ಮಧ್ಯಾಹ್ನ ಮಳೆಯಲ್ಲಿ ಹೋಗಿ ವಾಪಸ್ ಬಂದಿದ್ದೇನೆ.

ಸಸ್ಯಾಹಾರಿಗಳು ಒಂದು ಫ್ರೆಂಚ್ ಮಾತು ಬಾಯಿಪಾಠ ಮಾಡಿಕೊಳ್ಳಬೇಕು: ‘ಸಾಂ ತೋಂ’, ಅಂದರೆ ಟ್ಯೂನಾ ಮೀನು ಬೇಡ. ಸಲಾಡ್‌ಗೂ, ಫ್ರಿಕಾಸೆ ಎಂಬ ಕರಿದ ಪುಟ್ಟ ಬನ್ನಿಗೂ, ಬ್ರೀಕ್‌ಗೂ ಅವರು ಟ್ಯೂನಾ ಹಾಕುತ್ತಾರೆ. ಬ್ರೀಕ್ ಎಂದರೆ ಕಾಗದದಷ್ಟು ತೆಳ್ಳನೆಯ ಹಾಳೆಯೊಳಗೆ ಹಸಿ ಮೊಟ್ಟೆ ಒಡೆದು, ಮಡಚಿ, ತಕ್ಷಣ ಎಣ್ಣೆಗೆ ಬಿಟ್ಟು ಕರಿದದ್ದು. ಹೊರಗೆ ಗರಿಗರಿ, ಒಳಗೆ ಹಳದಿ ಇನ್ನೂ ಹರಿಯುತ್ತಿರಬೇಕು. ಚಾಕು ಫೋರ್ಕ್ ಮುಟ್ಟಬೇಡಿ. ಎರಡೂ ತುದಿಗಳನ್ನು ಕೈಯಲ್ಲಿ ಹಿಡಿದು ನಡುವಿನಿಂದ ಕಚ್ಚಿ, ಹಳದಿಯನ್ನು ಮೊದಲು ಹೀರಿಕೊಳ್ಳಬೇಕು.

ರವೆಯ ಕಾಳುಗಳನ್ನು ಬೇಯಿಸಿ ಸಾರಿನೊಡನೆ ಬಡಿಸುವ ಕುಸ್‌ಕುಸ್‌ನಲ್ಲಿ ಮಾತ್ರ ನನಗೆ ಏಟು ಬಿತ್ತು. ಒಂದು ಕಡೆ ‘ತರಕಾರಿ ಕುಸ್‌ಕುಸ್’ ಎಂದು ಬರೆದದ್ದನ್ನು ನಂಬಿ ಪೂರ್ತಿ ತಿಂದ ಮೇಲೆ, ಸಾರು ಕುರಿಮಾಂಸದ್ದು ಎಂದು ತಿಳಿಯಿತು. ಎರಡು ದಿನ ಮನಸ್ಸು ಸರಿಯಿರಲಿಲ್ಲ. ಈಗ ಮೊದಲೇ ಕೇಳುತ್ತೇನೆ: ತರಕಾರಿ ಬೆಂದದ್ದು ಯಾವ ಸಾರಿನಲ್ಲಿ? ಬೇರೆ ಮಾಡುತ್ತೇವೆ ಎಂದರೆ ಮಾತ್ರ ತರಿಸುತ್ತೇನೆ. ಟ್ಯುನೀಷಿಯಾದವರು ರವೆಯ ಆ ಕಾಳುಗಳಿಗೆ ಟೊಮೆಟೊ ಹರೀಸಾದ ಕೆಂಪು ಸಾರನ್ನು ಬೆರೆಸಿಯೇ ಬಡಿಸುತ್ತಾರೆ. ನನಗದು ಕಲಸಿದ ಅನ್ನದಂತೆ ಹಿತ.

ಆದರೆ ನನ್ನನ್ನು ಮತ್ತೆ ಮತ್ತೆ ಎಳೆಯುವುದು ಲಬ್‌ಲಬಿ. ಅದು ಚಳಿಗಾಲದ ಬಡವರ ಊಟ. ಕೈಗೆ ಒಂದು ಖಾಲಿ ಬಟ್ಟಲು, ತಂಗಳು ಬ್ರೆಡ್ಡು ಕೊಡುತ್ತಾರೆ. ನೀವೇ ಹರಿದು ಹಾಕಬೇಕು. ಚೂರುಗಳು ಸಣ್ಣವಿರಲಿ ಎಂದು ಗೆಳತಿ ಹೇಳಿಕೊಟ್ಟಳು. ದೊಡ್ಡದಾದರೆ ನಡುವೆ ಒಣಗಿಯೇ ಉಳಿಯುತ್ತದೆ. ಬಟ್ಟಲು ಒಳಗೆ ಹೋಗುತ್ತದೆ. ಕುದಿಯುವ ಕಡಲೆ ಸಾರು, ಜೀರಿಗೆ ಪುಡಿ, ಹರೀಸಾ, ನಿಂಬೆರಸ, ಆಲಿವ್ ಎಣ್ಣೆ, ಮೇಲೊಂದು ಅರೆಬೆಂದ ಮೊಟ್ಟೆ. ಎರಡು ಚಮಚ ಹಿಡಿದು ತಳದಿಂದ ಮೇಲಕ್ಕೆ ಎತ್ತಿ ಎತ್ತಿ ಕಲಸಬೇಕು. ಆಗ ಏಳುವ ಜೀರಿಗೆಯ ಹಬೆ ಮೂಗಿಗೆ ತಾಗಿದರೆ ಹೊರಗಿನ ಚಳಿ ಮರೆತುಹೋಗುತ್ತದೆ. ಪಕ್ಕದ ಮೇಜಿನ ಅಜ್ಜ ಒಮ್ಮೆ ನಾನು ಕಲಸುವುದನ್ನು ನೋಡಿ ಚಮಚ ಇಸಿದುಕೊಂಡು ತಾನೇ ಕಲಸಿಕೊಟ್ಟು, ‘ಶಾಹಿಯಾ ತೈಯ್ಬಾ’ ಎಂದರು. ಹಸಿವು ಚೆನ್ನಾಗಿರಲಿ ಎಂಬ ಹಾರೈಕೆ.

ಅವ್ವ ಬಂದಾಗಲೂ ಅಲ್ಲಿಗೇ ಕರೆದೊಯ್ದೆ. ಹರೀಸಾವನ್ನು ಬ್ರೆಡ್ಡಿನ ತುದಿಯಿಂದ ಮುಟ್ಟಿ ನೆಕ್ಕಿದವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದಕ್ಕೊಂದೀಟು ಲಿಂಬಿಹಣ್ಣ ಹಿಂಡಬೇಕಿತ್ತು ನೋಡ’ ಎಂದಳು. ಕೊನೆಗೆ ಬಂದ ಮಕ್ರೂದ್ ಎಂಬ ಸಿಹಿತಿಂಡಿಯನ್ನು ಮುರಿದು, ಒಳಗಿನ ಖರ್ಜೂರ ನೋಡಿ, ‘ಹೂರಣ ಐತಲ್ಲ’ ಅಂತ ನಕ್ಕಳು. ಊರಿಗೆ ಹೊರಡುವಾಗ ಅವಳ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಹರೀಸಾದ ನಾಲ್ಕು ಡಬ್ಬಿ ಇದ್ದವು.