ಮಿರಿಸ್ಸಾದಲ್ಲಿ ನೀಲಿ ತಿಮಿಂಗಿಲ ನೋಡುವುದು ಹೇಗೆ?

ಶ್ರೀಲಂಕಾದ ದಕ್ಷಿಣ ತುದಿಯ ಮಿರಿಸ್ಸಾಕ್ಕೆ ನಾನು ಮೂರು ಸಲ ಹೋಗಿದ್ದೇನೆ. ಮೂರು ಸಲವೂ ತಿಮಿಂಗಿಲ ಬಂತು. ಮೂರು ಸಲವೂ ನನ್ನ ದೋಣಿಯಲ್ಲೇ ಇದ್ದ ಎಷ್ಟೋ ಜನ ಅದನ್ನು ನೋಡದೆ ವಾಪಸಾದರು. ನೋಡಿ ಹೊಟ್ಟೆ ಉರಿಯುತ್ತದೆ.

1. ತಿಂಗಳು. ನವೆಂಬರ್‌ನಿಂದ ಏಪ್ರಿಲ್. ಮೇ ಬಂದರೆ ಮುಂಗಾರಿಗೆ ಕಡಲು ಕೆರಳುತ್ತದೆ. ಆಗ ಪೂರ್ವ ಕರಾವಳಿಯ ಟ್ರಿಂಕೋಮಲಿಗೆ ಹೋಗಿ.

2. ದೋಣಿ. "ಎಷ್ಟು ಹತ್ತಿರ ಕರಕೊಂಡು ಹೋಗ್ತೀರಿ?" ಎಂದು ಕೇಳಿ. "ತೀರಾ ಹತ್ತಿರ" ಎಂದರೆ ಆ ದೋಣಿ ಬೇಡವೇ ಬೇಡ. 100 ಮೀಟರ್ ದೂರ ಇರಬೇಕು ಎಂಬ ನಿಯಮವಿದೆ. ನನ್ನ ಮೊದಲ ದೋಣಿಯವರು ಇಂಜಿನ್ ಜೋರು ಮಾಡಿ ಬೆನ್ನಟ್ಟಿದರು. ಎರಡು ಉಸಿರು ತೆಗೆದು ಪ್ರಾಣಿ ಮುಳುಗಿಬಿಟ್ಟಿತು. ಪಕ್ಕದಲ್ಲೇ ದೊಡ್ಡ ಹಡಗುಗಳ ಹಾದಿ ಇದೆ, ಅವು ಬಡಿದು ತಿಮಿಂಗಿಲಗಳು ಸಾಯುತ್ತವೆ. ನಾವೂ ಅವನ್ನು ಕಾಡಬೇಕಾ?

3. ಹೊಟ್ಟೆ. ದೋಣಿಯ ತೂಗಾಟಕ್ಕೆ ವಾಂತಿಯಾಗದಂತೆ ವೈದ್ಯರನ್ನು ಕೇಳಿ ತಂದ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮುಂಚೆ ನುಂಗಿ. ತೊಳಸಲು ಶುರುವಾದ ಮೇಲೆ ನುಂಗಿದರೆ ವಾಂತಿಯಲ್ಲೇ ಹೋಗುತ್ತದೆ. ಖಾಲಿ ಹೊಟ್ಟೆಯೂ ಬೇಡ, ಬಾಳೆಹಣ್ಣು ಸಾಕು. ಮೇಲಿನ ಡೆಕ್ ಜಾಸ್ತಿ ತೂಗುತ್ತದೆ. ಕೆಳಗೆ, ನಡುಭಾಗದಲ್ಲಿ ಕೂರಿ.

4. ಕಣ್ಣು. ಎಲ್ಲರೂ ಎಡವುವುದು ಇಲ್ಲೇ. ದೋಣಿಯ ಪಕ್ಕದ ನೀರನ್ನು ದಿಟ್ಟಿಸುತ್ತಾರೆ. ನೀವು ದೂರಕ್ಕೆ, ಕಡಲು ಬಾನು ಕೂಡುವ ಗೆರೆಯ ಉದ್ದಕ್ಕೂ ನಿಧಾನಕ್ಕೆ ಕಣ್ಣಾಡಿಸಿ. ಮೊದಲು ಕಾಣುವುದು ಉಸಿರು. ಬಿಳಿ ಹಬೆಯ ಕಂಬ, 9 ಮೀಟರ್‌ವರೆಗೂ ಏಳುತ್ತದೆ, ಸ್ವಲ್ಪದರಲ್ಲೇ ಕರಗುತ್ತದೆ. ಅಲೆಯ ನೊರೆ ಅಡ್ಡಕ್ಕೆ ಹರಡುತ್ತದೆ, ಇದು ನೆಟ್ಟಗೆ ನಿಲ್ಲುತ್ತದೆ. ಕಂಡಲ್ಲೇ ಕಣ್ಣಿಡಿ. ಸ್ವಲ್ಪ ಹೊತ್ತಿಗೆ ಇನ್ನೊಂದು, ಮತ್ತೊಂದು. ಆಳಕ್ಕೆ ಮುಳುಗುವ ಮುಂಚೆ ಒಂದು ಸಲ ಮಾತ್ರ ಬೆನ್ನು ಬೇರೆ ಸಲಕ್ಕಿಂತ ಎತ್ತರಕ್ಕೆ ಬಾಗುತ್ತದೆ, ಬಾಲದ ಬುಡ ನೀರಿನಿಂದ ಮೇಲೇಳುತ್ತದೆ. ಕ್ಯಾಮೆರಾ ಎತ್ತಬೇಕಾದ್ದು ಆಗಲೇ. ಪ್ರತಿ ಸಲವೂ ಬಾಲ ತೋರಿಸುವುದಿಲ್ಲ, ತೋರಿಸಿದರೆ ಉಸಿರು ಕಟ್ಟುತ್ತದೆ.

ಮುಳುಗಿದ ಜಾಗದಲ್ಲಿ ಎಣ್ಣೆ ಸವರಿದ ಹಾಗೆ ನುಣುಪಾದ ವೃತ್ತ ಉಳಿಯುತ್ತದೆ. ಜನ "ಮುಗೀತು" ಎಂದು ಫೋನಿಗೆ ತಲೆ ಬಗ್ಗಿಸುವುದೂ ಆಗಲೇ. ಬೇಡ, ಗಡಿಯಾರ ನೋಡಿ. ಹತ್ತು ಹನ್ನೆರಡು ನಿಮಿಷಕ್ಕೆ ಅದು ಮತ್ತೆ ಉಸಿರಾಡಲು ಬರಬಹುದು, ಅಲ್ಲೇ ಆಸುಪಾಸಿನಲ್ಲಿ. ಇಂಜಿನ್ ಸುಮ್ಮನಿದ್ದರೆ ಆ ಉಸಿರಿನ ಸದ್ದೂ ಕೇಳಿಸುತ್ತದೆ. ದುರ್ಬೀನು ಒಯ್ಯುವುದಾದರೆ 7 ಅಥವಾ 8 ಪಟ್ಟಿನದು. 20 ಪಟ್ಟು ಎಂದು ಮಾರುವ ಅಗ್ಗದ್ದರಲ್ಲಿ ಅಲೆಯ ಕುಲುಕು ಬಿಟ್ಟು ಏನೂ ಕಾಣದು.

ನೀರಿನಲ್ಲಿ ಇಟ್ಟಿಗೆ ಬಣ್ಣದ ರಾಡಿ ಕಂಡರೆ ರಕ್ತವೆಂದು ಹೆದರಬೇಡಿ. ಪುಟ್ಟ ಸೀಗಡಿ ತಿಂದ ತಿಮಿಂಗಿಲದ ಹಿಕ್ಕೆ ಅದು. ಹತ್ತಿರದಲ್ಲೇ ಊಟ ನಡೆಯುತ್ತಿದೆ, ದೋಣಿ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿಸಿ ಎಂದು ಕೇಳಿ.