ಟರ್ಬೊ ಎಂಜಿನ್‌ನ ವಾಲ್ವ್ ಸ್ಪ್ರಿಂಗ್ ಬದಲಿಸುವುದು ಯಾವಾಗ?

ರ‍್ಯಾಲಿ ಹತ್ತಿರ ಬಂತೆಂದರೆ ಚಿಕ್ಕಮಗಳೂರಿನ ಹುಡುಗರ ಬಾಯಲ್ಲಿ ಇದೇ ಮಾತು: ‘ರೀಮ್ಯಾಪ್ ಆಯ್ತು, ಇನ್ನು ವಾಲ್ವ್ ಸ್ಪ್ರಿಂಗ್ ಹಾಕಿಸೋಣವಾ?’ ಸ್ವಲ್ಪ ತಡೆಯಿರಿ. ರೀಮ್ಯಾಪ್ ಎಂದರೆ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು. ಗಾಳಿ ಒಳಬಿಡುವ, ಹೊಗೆ ಹೊರಬಿಡುವ ವಾಲ್ವನ್ನು ಮತ್ತೆ ಮುಚ್ಚುವುದು ವಾಲ್ವ್ ಸ್ಪ್ರಿಂಗ್; ಅದರ ತಲೆ ಮೇಲಿನ ಬಿಲ್ಲೆಯೇ ರಿಟೇನರ್. ಗಟ್ಟಿ ಸ್ಪ್ರಿಂಗ್, ಹಗುರ ರಿಟೇನರ್ ಹಾಕಿದ ಮಾತ್ರಕ್ಕೆ ಪಿಕಪ್ ಬರುವುದಿಲ್ಲ. ಜಾಸ್ತಿ ಆರ್‌ಪಿಎಂ, ಜಾಸ್ತಿ ಬೂಸ್ಟ್ (ಟರ್ಬೊ ತುರುಕುವ ಗಾಳಿಯ ಒತ್ತಡ) ತಡೆದುಕೊಳ್ಳುವ ತಾಕತ್ತು ಬರುತ್ತದೆ, ಅಷ್ಟೇ.

ಮೊದಲು ನಿಮ್ಮ ಎಂಜಿನ್ ಎಲ್ಲಿ ದುಡಿಯುತ್ತದೆ ನೋಡಿ. ಕೈಮರದಿಂದ ಮುಳ್ಳಯ್ಯನಗಿರಿ ಹತ್ತುವಾಗ ತಿರುವುಗಳಿಂದ ಎಳೆಯುವುದು ನಡು ಆರ್‌ಪಿಎಂನಲ್ಲೇ. ಅಷ್ಟಕ್ಕೆ ಕಂಪನಿ ಸ್ಪ್ರಿಂಗ್ ಸಾಕು. ಆದರೆ 1,930 ಮೀಟರ್ ಎತ್ತರದಲ್ಲಿ ಗಾಳಿ ತೆಳು. ಅಷ್ಟೇ ಬೂಸ್ಟ್ ಕೊಡಲು ಟರ್ಬೊ ಇನ್ನೂ ಜೋರಾಗಿ ತಿರುಗಬೇಕು, ಎಕ್ಸಾಸ್ಟ್ ಕಡೆ ಬಿಸಿಯೂ ಒತ್ತಡವೂ ಏರುತ್ತವೆ.

ಆಮೇಲೆ ಒಂದು ಲೆಕ್ಕ ಹಾಕಿ. 30 ಮಿ.ಮೀ. ಇನ್‌ಟೇಕ್ ವಾಲ್ವ್‌ನ ವಿಸ್ತೀರ್ಣ ಸುಮಾರು 7 ಚದರ ಸೆಂ.ಮೀ. ಬೂಸ್ಟ್ 1 ಬಾರ್ ಇದ್ದರೆ ಅದರ ಬೆನ್ನ ಮೇಲೆ ಹೆಚ್ಚುಕಮ್ಮಿ 7 ಕೆ.ಜಿ. ಒತ್ತಡ. 1.5 ಬಾರ್ ಆದರೆ ಹತ್ತೂವರೆ ದಾಟುತ್ತದೆ. ಮುಚ್ಚಿದ ವಾಲ್ವನ್ನು ಸ್ಪ್ರಿಂಗ್ ಹಿಡಿದಿರುವುದು 25 ಕೆ.ಜಿ.ಯಲ್ಲಿ ಎಂದಿಟ್ಟುಕೊಂಡರೆ, ಅದರಲ್ಲಿ ಇಷ್ಟು ಬೂಸ್ಟ್‌ಗೇ ಹೋಯಿತು! ಎಕ್ಸಾಸ್ಟ್ ಕಡೆ ಇನ್ನೂ ಕಷ್ಟ. ಚಿಕ್ಕ ಟರ್ಬೊದಿಂದ ಜಾಸ್ತಿ ಬೂಸ್ಟ್ ಕೇಳಿದರೆ, ಮ್ಯಾನಿಫೋಲ್ಡ್‌ನಲ್ಲಿ ನಿಲ್ಲುವ ಹೊಗೆಯ ಒತ್ತಡ ಬೂಸ್ಟ್‌ಗಿಂತಲೂ ಮೇಲೆ ಹೋಗಬಹುದು. ಮುಚ್ಚಿರಬೇಕಾದ ವಾಲ್ವ್ ಆಗ ಸೀಟ್ (ಅದು ಕೂರುವ ಅಂಚು) ಬಿಟ್ಟು ಏಳಬಹುದು.

ಇದರ ಲಕ್ಷಣ ಏನು? ರೆಡ್‌ಲೈನ್ (ಎಂಜಿನ್‌ನ ಗರಿಷ್ಠ ಆರ್‌ಪಿಎಂ) ಹತ್ತಿರ ಪವರ್ ದಿಢೀರನೆ ಬೀಳುತ್ತದೆ, ಎಂಜಿನ್ ಮಿಸ್ ಹೊಡೆಯುತ್ತದೆ. ಆದರೆ ಇದೇ ಲಕ್ಷಣ ಸವೆದ ಪ್ಲಗ್, ಸೋತ ಕಾಯಿಲ್, ಸೀಳಿದ ಬೂಸ್ಟ್ ಹೋಸ್, ಕಮ್ಮಿ ಫ್ಯೂಯೆಲ್ ಪ್ರೆಶರ್‌ಗೂ ಇದೆ. ಅಗ್ಗದ್ದನ್ನು ಮೊದಲು ನೋಡಿ. ಪ್ಲಗ್ ಗ್ಯಾಪ್ (ಕಿಡಿ ಹಾರುವ ಸಂದು) ಒಂದಿಷ್ಟು ಕಮ್ಮಿ ಮಾಡಿದ್ದಕ್ಕೇ ಸರಿಹೋಗುವ ಗಾಡಿಗಳು ಬೇಕಾದಷ್ಟಿವೆ. ಅದೆಲ್ಲ ಸರಿ ಇದ್ದೂ ತೊಂದರೆ ಉಳಿದರೆ ಬೂಸ್ಟ್ ಇಳಿಸಿ ಓಡಿಸಿ, ಎಂಜಿನ್ ಕಂಪ್ಯೂಟರಿನ ದಾಖಲೆ (ಲಾಗ್) ತೆಗೆಯಿರಿ. ಬೂಸ್ಟ್ ಇಳಿಸಿದರೂ ಅದೇ ಆರ್‌ಪಿಎಂನಲ್ಲಿ ಬಿದ್ದರೆ ಸ್ಪ್ರಿಂಗ್ ಮೇಲೆ ಅನುಮಾನ ಪಡಿ. ಬೂಸ್ಟ್ ಇಳಿಸಿದಾಗ ಮಾಯವಾದರೆ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ: ಒತ್ತಡವೇ ಸ್ಪ್ರಿಂಗನ್ನು ಸೋಲಿಸುತ್ತಿರಬಹುದು.

ಚಾರ್ಮಾಡಿ ಘಾಟಿ ಇಳಿಯುವಾಗ ಮೂರನೇ ಗೇರ್ ಎಂದುಕೊಂಡು ಒಂದಕ್ಕೆ ಹಾಕಿದಿರೋ, ರೆವ್ ಲಿಮಿಟರ್ ಕಾಪಾಡುವುದಿಲ್ಲ. ಅದು ಇಂಧನ ನಿಲ್ಲಿಸಬಹುದು, ಎಂಜಿನ್ ತಿರುಗಿಸುತ್ತಿರುವ ಚಕ್ರವನ್ನಲ್ಲ. ಆ ವೇಗಕ್ಕೆ ಸ್ಪ್ರಿಂಗ್ ಹಿಡಿಯಲಾಗದೆ ವಾಲ್ವ್ ಪಿಸ್ಟನ್‌ಗೆ ಬಡಿದು ಬಾಗಿರಬಹುದು. ಆಮೇಲೆ ಗಾಡಿ ಚೆನ್ನಾಗೇ ಓಡಿದರೂ ಕಂಪ್ರೆಶನ್, ಲೀಕ್‌ಡೌನ್ ಟೆಸ್ಟ್ (ಸಿಲಿಂಡರ್‌ನಿಂದ ಗಾಳಿ ಸೋರುತ್ತದೆಯೇ ಎಂಬ ಪರೀಕ್ಷೆ) ಮಾಡಿಸಿ.

ಇನ್ನು ಹಾಕಿಸಲೇಬೇಕಾದ ಸಂದರ್ಭ: ಕ್ಯಾಮ್ (ವಾಲ್ವ್ ತೆರೆಯುವ ದಂಡ) ಬದಲಿಸಿದ್ದೀರಿ, ರೆವ್ ಲಿಮಿಟ್ ಏರಿಸಿದ್ದೀರಿ, ಇಲ್ಲವೇ ದೊಡ್ಡ ಟರ್ಬೊ ಕೂರಿಸಿ ಬೂಸ್ಟ್ ಏರಿಸಿದ್ದೀರಿ. ಬೇರೆ ಕೆಲಸಕ್ಕೆ ಹೆಡ್ (ವಾಲ್ವ್‌ಗಳಿರುವ ಎಂಜಿನ್‌ನ ಮೇಲ್ಭಾಗ) ಇಳಿಸಿದ್ದರೆ ಹಳೇ ಸ್ಪ್ರಿಂಗ್‌ಗಳನ್ನು ಟೆಸ್ಟರ್‌ನಲ್ಲಿ ಒತ್ತಿಸಿ ನೋಡಿ. ಬದಲಿಸುವಾಗ ಸ್ಪ್ರಿಂಗ್, ರಿಟೇನರ್, ವಾಲ್ವ್ ಸೀಲ್ ಒಟ್ಟಿಗೆ ಆಗಲಿ.

ಅಂಗಡಿಯಲ್ಲಿರುವ ಅತಿ ಗಟ್ಟಿ ಸ್ಪ್ರಿಂಗ್ ಬೇಡ, ಸುಮ್ನೆ ಕ್ಯಾಮ್ ಸವೆಯುತ್ತದೆ. ವಾಲ್ವ್ ಪೂರ್ತಿ ತೆರೆದಾಗಲೂ ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ತಾಗಿ ಕಟ್ಟಿಕೊಳ್ಳಬಾರದು. ಎಷ್ಟು ಜಾಗ ಬಿಡಬೇಕೆಂಬುದು ತಯಾರಕರ ಹಾಳೆಯಲ್ಲಿರುತ್ತದೆ, ಅಳೆಸಿಯೇ ಕೂರಿಸಿ.

ಕೆಲವು ಎಂಜಿನ್‌ಗಳಲ್ಲಿ ಹೆಡ್ ಇಳಿಸದೆಯೇ ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ತುಂಬಿ, ವಾಲ್ವ್ ಬೀಳದಂತೆ ಹಿಡಿದು ಸ್ಪ್ರಿಂಗ್ ಬದಲಿಸುತ್ತಾರೆ. ಮೊದಲು ಆಯಿಲ್ ಇಳಿಯುವ ತೂತುಗಳಿಗೆ ಬಟ್ಟೆ ತುರುಕಲು ಹೇಳಿ. ಬೆರಳ ತುದಿಯಷ್ಟಿರುವ ವಾಲ್ವ್ ಲಾಕ್ (ರಿಟೇನರನ್ನು ವಾಲ್ವ್‌ಗೆ ಕಚ್ಚಿಸುವ ತುಂಡು) ಒಳಗೆ ಬಿದ್ದರೆ ಸಂಪ್ (ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚುವ ಕೆಲಸವೂ ಸೇರಿಕೊಳ್ಳುತ್ತದೆ.